ಹಿಂದೆ ಕೂತವರ ಹೆದರಿಕೆ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.)

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಕನ್ನಡ ಶಾಲೆಯ ಟೀಚರ್ ಒಬ್ಬರು. ವಯಸ್ಸು ನಲವತ್ತರ ಹತ್ತಿರ. ಗಂಡ ದುಬೈಯಲ್ಲಿ. ಬಸ್ಸು ಹಿಡಿಯಬೇಕಾದರೆ ಗುಡ್ಡೆ ಇಳಿದು ಚೆರ್ಕಳ–ಕಲ್ಲಡ್ಕ ರಸ್ತೆಗೆ ಬರಬೇಕು. ಸಂಜೆಯ ಬಸ್ಸು ತಪ್ಪಿತೋ, ಆಟೋಗೆ ದುಡ್ಡು ಕೊಡಬೇಕು. ಮನೆಯಲ್ಲಿ ಗಂಡನ ನೂರು ಸಿಸಿಯ ಬೈಕು ಸುಮ್ನೆ ನಿಂತಿತ್ತು. ಅದನ್ನೇ ಕಲಿಯೋಣ ಎಂದು ಹೊರಟರು. "ಸ್ಕೂಟರ್ ತೆಗೆದುಕೊಳ್ಳಬಾರದಾ?" ಅಂತ ಊರಿನವರೆಲ್ಲ ಕೇಳಿದ್ದಾರೆ. ನಾನು ಕೇಳಲಿಲ್ಲ.

ಕಲಿಸಲು ಬಂದವರು ಸೋದರಮಾವ. ಅಡಿಕೆ ಕೃಷಿಕರು. ಮೀಸೆ ಮೂಡುವ ಕಾಲದಿಂದ ಬೈಕು ಓಡಿಸಿದವರು. ಮಳೆಗಾಲದ ಕೆಸರಿನಲ್ಲೂ ತೋಟದಿಂದ ಗೋಣಿ ಹೇರಿಕೊಂಡು ಬರುವವರು.

ಟೀಚರ್ ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದಾಗ ಹೇಳಿದ್ದು ಇಷ್ಟೇ. "ನನಗೆ ಧೈರ್ಯ ಸಾಲದು. ಹ್ಯಾಂಡಲ್ ಹಿಡಿದರೆ ಎಡಗೈ ನಡುಗುತ್ತದೆ. ಇದಕ್ಕೆ ಏನಾದರೂ ಮಾಡಬಹುದಾ?" ಒಮ್ಮೆ ಬಿದ್ದಿದ್ದರು. ಮಂಡಿ ತರಚಿತ್ತು, ಕ್ಲಚ್ ಲಿವರ್ ಬಗ್ಗಿತ್ತು. ಅದಾದ ಮೇಲೆ ಮಾವ ಕರೆದರೆ ಹೊಟ್ಟೆನೋವು ಅಂತ ನೆಪ ಹೇಳಿ ಒಳಗೇ ಕೂರುತ್ತಿದ್ದರು. ಲರ್ನರ್ಸ್ ಲೈಸೆನ್ಸಿನ ಆರು ತಿಂಗಳಲ್ಲಿ ಅರ್ಧ ಕಳೆದಿತ್ತು ಎಂಬ ಮಂಡೆಬಿಸಿ ಬೇರೆ.

ಬಿದ್ದವರು ಹೆದರಿ ಬಂದಾಗ ನಾನು ಮೊದಲು ಕೆಲವು ವಿಷಯ ವಿಚಾರಿಸಿಕೊಳ್ಳುತ್ತೇನೆ. ತಲೆಗೆ ಪೆಟ್ಟಾಗಿತ್ತಾ? ಇಲ್ಲ, ಹೆಲ್ಮೆಟ್ ಇತ್ತು. ನಿದ್ದೆ ಬರುತ್ತದಾ? ಬರುತ್ತದೆ. ಬಿದ್ದದ್ದೇ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತದಾ? ಇಲ್ಲ. ಬೇರೆಯವರ ಬೈಕಿನಲ್ಲಿ ಕೂರಲು ಹೆದರಿಕೆಯಾ? ಅದೂ ಇಲ್ಲ. ಮಾವನ ಹಿಂದೆಯೇ ಕೂತು ಕುಂಬಳೆಗೆ ಹೋಗಿ ಬಂದಿದ್ದರು.

ಆಮೇಲೆ ಕೇಳಿದೆ: "ಮಾವ ಇಲ್ಲದಾಗ ಯಾವಾಗಲಾದರೂ ಬೈಕು ಮುಟ್ಟಿದ್ದೀರಾ ಟೀಚರೇ?"

ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. ಒಂದು ಸಂಜೆ ಯಾರೂ ಇಲ್ಲದಾಗ ಸ್ಟಾರ್ಟ್ ಮಾಡಿ ಅಂಗಳದ ಈ ತುದಿಯಿಂದ ಆ ತುದಿಗೆ ಹೋಗಿದ್ದರಂತೆ. ಕೈ ನಡುಗಿತ್ತಾ? "ಇಲ್ಲ ಅಲ್ವಾ!" ಅಂದರು, ತಮಗೇ ಆಶ್ಚರ್ಯವಾದವರ ಹಾಗೆ.

ಅಲ್ಲಿಗೆ ನನಗೆ ಅರ್ಧ ಗೊತ್ತಾಯಿತು. ಉಳಿದರ್ಧ ಬಿದ್ದ ಕಥೆಯಲ್ಲಿ ಸಿಕ್ಕಿತು. ಮನೆಯ ಏರು ಹತ್ತಿ, ಮುರಕಲ್ಲಿನ ಜಲ್ಲಿ ಹರಡಿದ ತಿರುವಿನಲ್ಲಿ ನಿಧಾನಕ್ಕೆ ಹ್ಯಾಂಡಲ್ ತಿರುಗಿಸಿದ್ದಾರೆ. ಹಿಂದೆ ಕೂತ ಮಾವ "ಬ್ರೇಕ್ ಹಿಡಿ, ಬ್ರೇಕ್!" ಅಂತ ಬೊಬ್ಬೆ ಹೊಡೆದಿದ್ದಾರೆ. ಬೈಕಿಗೆ ಬ್ರೇಕು ಎರಡು. ಮಾವನ ಮನಸ್ಸಿನಲ್ಲಿ ಇದ್ದದ್ದು ಕಾಲಿನದು. "ಹಿಡಿ" ಅಂದರೆ ಟೀಚರ್ ಹಿಡಿದದ್ದು ಕೈಯದು, ಅದೂ ಗಬಕ್ಕನೆ. ಹ್ಯಾಂಡಲ್ ತಿರುಗಿರುವಾಗ, ಅದೂ ಜಲ್ಲಿಯ ಮೇಲೆ, ಮುಂದಿನ ಬ್ರೇಕ್ ಒತ್ತಿದರೆ ಬೈಕು ಅಡ್ಡ ಬೀಳದೆ ಇರುತ್ತದಾ? ನೂರ ಹತ್ತು ಕಿಲೋದ ಆಸುಪಾಸಿನ ಗಾಡಿ, ಮೇಲೆ ಇಬ್ಬರು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿ ಬಿದ್ದರು. ಆಮೇಲೆ ಧೈರ್ಯ ಇಲ್ಲದವಳು ಅಂತ ಅನ್ನಿಸಿಕೊಂಡದ್ದೂ ಅವರೇ.

ಮುಂದಿನ ಸಲ ಮಾವನನ್ನೂ ಬರಹೇಳಿದೆ. "ನನಗೆಂತ ಆಗಿದೆ ಡಾಕ್ಟ್ರೇ?" ಎನ್ನುತ್ತಲೇ ಬಂದರು. (ನಾನು ಡಾಕ್ಟರಲ್ಲ. ಎಷ್ಟು ಹೇಳಿದರೂ ಅವರು ಬಿಡಲಿಲ್ಲ.) ಒಂದು ಮಾತು ಕೇಳಿದೆ: ಬೈಕು ನಿಂತಲ್ಲಿಂದ ಹೊರಡುವಾಗ ನಿಮ್ಮ ಎಡಗೈ ಏನು ಮಾಡುತ್ತದೆ? "ಕ್ಲಚ್ ಬಿಡುತ್ತದೆ." ಎಷ್ಟು ಬಿಟ್ಟು ಎಲ್ಲಿ ನಿಲ್ಲಿಸುತ್ತದೆ? ಗಾಳಿಯಲ್ಲಿ ಬೆರಳು ಮಡಚಿ ಬಿಡಿಸಿ ನೋಡಿಕೊಂಡರು. ಹೇಳಲು ಬರಲಿಲ್ಲ. ಅಷ್ಟು ವರ್ಷ ಓಡಿಸಿದವರ ಕೈಗೆ ಎಲ್ಲ ಗೊತ್ತಿರುತ್ತದೆ, ಬಾಯಿಗೆ ಗೊತ್ತಿರುವುದಿಲ್ಲ. ಬಾಯಿಗೆ ಬರುವುದು "ಬಿಡು ಮಾರಾಯ್ತಿ!", "ಹಿಡಿ ಮಾರಾಯ್ತಿ!" ಇಷ್ಟೇ.

ಯಾಕಷ್ಟು ಬೊಬ್ಬೆ ಹೊಡೆಯುತ್ತೀರಿ ಅಂದಾಗ ಮಾತ್ರ ಸ್ವರ ಇಳಿಯಿತು. "ಇವಳಿಗೆ ಏನಾದರೂ ಆದರೆ ಅಕ್ಕನಿಗೆ ನಾನು ಯಾವ ಮುಖ ತೋರಿಸುವುದು? ದುಬೈಯಲ್ಲಿರುವವನಿಗೆ ಎಂತ ಹೇಳುವುದು?" ಟೀಚರ್ ತಲೆಯೆತ್ತಿ ಮಾವನನ್ನೇ ನೋಡಿದರು. ಇಷ್ಟು ದಿನ ಅದನ್ನು ಸಿಟ್ಟು ಅಂದುಕೊಂಡಿದ್ದರು.

ರಾಬರ್ಟ್ ಜಾಯನ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1965ರಲ್ಲಿ ಒಂದು ವಿಚಾರ ಮುಂದಿಟ್ಟರು. ಚೆನ್ನಾಗಿ ಪಳಗಿದ ಕೆಲಸವನ್ನು ಜನ ನೋಡುತ್ತಿರುವಾಗ ಇನ್ನೂ ಚೆನ್ನಾಗಿ ಮಾಡುತ್ತೇವೆ, ಹೊಸದಾಗಿ ಕಲಿಯುವ ಕೆಲಸವನ್ನು ಕೆಡಿಸಿಕೊಳ್ಳುತ್ತೇವೆ ಅಂತ. ಇದನ್ನು ಮಾವನಿಗೆ ಹೇಳಿದೆ. ಅವರಿಗೆ ಥಟ್ಟನೆ ಹಿಡಿಸಿತು, ಯಾಕೆಂದರೆ ತಾನು ಜನ ನೋಡುವಾಗ ಬೈಕು ಚಂದ ಓಡಿಸುತ್ತೇನೆ ಅಂತ ಅವರಿಗೆ ಮೊದಲೇ ಗೊತ್ತಿತ್ತು!

ಕೊಟ್ಟ ಸಲಹೆಯಲ್ಲಿ ಜಾಸ್ತಿ ಪಾಲು ಮಾವನಿಗೇ. ಸದ್ಯಕ್ಕೆ ಬೈಕಿನಿಂದ ಇಳಿಯಿರಿ. ಏರಿನಲ್ಲಿ, ಜಲ್ಲಿಯಲ್ಲಿ ಬೇಡ. ಶಾಲೆಯವರ ಒಪ್ಪಿಗೆ ಪಡೆದು ರಜೆಯ ದಿನ ಮೈದಾನಕ್ಕೆ ಹೋಗಿ. ನೀವು ಮರದಡಿ ನಿಲ್ಲಿ. ಬೈಕು ಓಡುತ್ತಿರುವಾಗ ಮಾತು ಬೇಡ, ನಿಂತ ಮೇಲೆ ಒಂದೇ ಮಾತು ಹೇಳಿ. ಬರೇ "ಬ್ರೇಕ್" ಅನ್ನಬೇಡಿ, "ಕಾಲಿನ ಬ್ರೇಕ್" ಅನ್ನಿ.

ಟೀಚರಿಗೆ ಹೇಳಿದ್ದು ಎಡಗೈಯ ಬಗ್ಗೆ. ಸಮತಟ್ಟು ಜಾಗದಲ್ಲಿ ಫಸ್ಟ್ ಗೇರ್ ಹಾಕಿ. ಆಕ್ಸಿಲರೇಟರ್ ಮುಟ್ಟಬೇಡಿ. ಬಲಗಾಲು ಬ್ರೇಕಿನ ಮೇಲೆ ಇರಲಿ. ಉದ್ದಕ್ಕೆ ಉಸಿರು ಬಿಡುತ್ತಾ, ಉಸಿರಿನ ಜೊತೆಗೇ ಕ್ಲಚ್ ಬಿಡುತ್ತಾ ಬನ್ನಿ. ಒಂದು ಕಡೆ ಇಂಜಿನ್ ಶಬ್ದ ತಗ್ಗುತ್ತದೆ, ಬೈಕು ಹಗ್ಗ ಜಗ್ಗುವ ಕರುವಿನ ಹಾಗೆ ಮುಂದಕ್ಕೆ ಎಳೆಯುತ್ತದೆ. ಅಲ್ಲೇ ನಿಲ್ಲಿಸಿ, ಮತ್ತೆ ಕ್ಲಚ್ ಹಿಡಿಯಿರಿ. ಬೆರಳಿಗೆ ಆ ಜಾಗ ಗುರುತಾಗುವವರೆಗೆ ಇದೊಂದೇ ಸಾಕು. ಇಂಜಿನ್ ಆಫ್ ಆದರೆ ಆಗಲಿ, ಅದಕ್ಕೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಕೈ ನಡುಗಿದರೆ ಇಳಿದು ಮನೆಗೆ ಹೋಗಬೇಡಿ. ಅಲ್ಲೇ ಕೂತು, ನಡುಕ ಸ್ವಲ್ಪ ಕಡಿಮೆಯಾಗಿ ಇನ್ನೊಮ್ಮೆ ಮಾಡಿದ ಮೇಲೆ ಆ ದಿನದ ಪಾಠ ಮುಗಿಸಿ. ಹೆದರಿಕೆ ಜೋರಾಗಿರುವಾಗಲೇ ಎದ್ದು ಹೋದರೆ ಮರುದಿನ ಅದು ಇನ್ನೂ ಜಾಸ್ತಿ ಆಗುತ್ತದೆ. ಹೊಟ್ಟೆನೋವಿನ ನೆಪ ಬೆಳೆಯುವುದು ಹಾಗೆಯೇ.

ರಸ್ತೆಗೆ ಇಳಿದರೆ ಎಲ್ ಬೋರ್ಡಿನ ಜೊತೆಗೆ ಲೈಸೆನ್ಸ್ ಇರುವವರೂ ಇರಬೇಕೆಂದು ನಿಯಮ. ಆಗ ಮಾವ ಹಿಂದೆ ಕೂರಲೇಬೇಕು. ಅದಕ್ಕೊಂದು ಒಪ್ಪಂದವಾಯಿತು. ಭುಜಕ್ಕೆ ಒಮ್ಮೆ ತಟ್ಟಿದರೆ ಬದಿಗೆ ನಿಲ್ಲಿಸಬೇಕು, ಮಾತೆಲ್ಲ ಆಮೇಲೆ. ಹ್ಯಾಂಡಲ್‌ಗೆ ಮಾವನ ಕೈ ಬರಬಾರದು. ಕೊನೆಯದನ್ನು ಟೀಚರೇ ಸೇರಿಸಿದರು, ಸ್ವಲ್ಪ ಗಟ್ಟಿ ಸ್ವರದಲ್ಲಿ.

ಲರ್ನರ್ಸ್ ಮುಗಿದರೆ ಮತ್ತೆ ಅರ್ಜಿ ಹಾಕಬಹುದು, ಅದಕ್ಕಾಗಿ ಗಡಿಬಿಡಿ ಬೇಡ ಅಂದೆ. ನಮ್ಮ ಕೇರಳದಲ್ಲಿ ಲೈಸೆನ್ಸಿಗೆ ಎಂಟು ಹಾಕಬೇಕು, ಅಂದರೆ 8ರ ಆಕಾರದಲ್ಲಿ ಓಡಿಸಬೇಕು, ಕಾಲು ನೆಲಕ್ಕೆ ಊರಿದರೆ ಫೇಲು. ಮೊದಲೆಲ್ಲ ಕೈಯಲ್ಲಿ ಗೇರ್ ಹಾಕುವ ಎಂ-80 ಎಂಬ ಬಜಾಜ್ ಗಾಡಿಯಲ್ಲಿ ಎಂಟು ಹಾಕಿ ಪಾಸಾಗುತ್ತಿದ್ದರು. 2024ರಲ್ಲಿ ಕಾಲಿನ ಗೇರಿನ ಬೈಕೇ ಆಗಬೇಕು ಅಂತ ಆದೇಶ ಬಂದಿತ್ತು. ಟೀಚರಿಗೆ ಇದರಿಂದ ತೊಂದರೆಯೇನಿಲ್ಲ, ಕಲಿಯುತ್ತಿರುವುದೇ ಅದರಲ್ಲಿ.

ಈಗ ಮೈದಾನದಲ್ಲಿ ಎಂಟು ಬರುತ್ತದೆ. ಎಡಗೈ ಆಗೊಮ್ಮೆ ಈಗೊಮ್ಮೆ ನಡುಗುತ್ತದೆ, ಏರಿನ ತಿರುವಿನಲ್ಲಿ ಇನ್ನೂ ಇಳಿದು ತಳ್ಳುತ್ತಾರೆ. ತಳ್ಳಲಿ, ಅವಸರ ಏನಿದೆ? ಟೆಸ್ಟಿನ ದಿನ ಮಾವ ಗ್ರೌಂಡಿನ ಬದಿಯಲ್ಲಿ ನಿಲ್ಲುವುದು ಬೇಡ, ಹೋಟೆಲಿನಲ್ಲಿ ಚಹಾ ಕುಡಿಯುತ್ತಿರಲಿ ಅಂದಿದ್ದೇನೆ. "ನಾನು ಬೈಕು ಕಲಿಸಿದ್ದಾ, ಚಹಾ ಕುಡಿಯಲು ಕಲಿತದ್ದಾ ಡಾಕ್ಟ್ರೇ?" ಅಂತ ಗೊಣಗಿದರು. ಒಪ್ಪಿಕೊಂಡಿದ್ದಾರೆ.