ಹಳೆ ಮನೆ ಬಾಡಿಗೆಗೆ ಕೊಡುವುದೋ, ಮಾರುವುದೋ?

ಪ್ರಶ್ನೆ: ನಾವು ಮೊದಲು ಕೊಂಡ ಮನೆ ಈಗ ಸಾಲುತ್ತಿಲ್ಲ, ದೊಡ್ಡದಕ್ಕೆ ಹೋಗುತ್ತಿದ್ದೇವೆ. ಹಳೆಯದನ್ನು ಬಾಡಿಗೆಗೆ ಕೊಟ್ಟರೆ ಕೊಂಡ ಬೆಲೆಯ ಮೇಲೆ ವರ್ಷಕ್ಕೆ ಶೇ 8 ಬರುತ್ತದೆ. ಈಗ ಮನೆಯ ಬೆಲೆ ಎರಡು ಪಟ್ಟಾಗಿದೆ. ಸಾಲ ಇನ್ನೂ ಇದೆ. ಉಳಿಸಿಕೊಳ್ಳಬಹುದೆ?

ಉತ್ತರ: ಆ ಶೇ 8 ಅನ್ನು ಮರೆತುಬಿಡಿ. ಕೊಂಡ ಬೆಲೆ ಹಳೆಯ ಮಾತು. ಇಂದು ಮಾರಿದರೆ ಬರುವ ಹಣವನ್ನೇ ನೀವು ಈ ಮನೆಯಲ್ಲಿ ಹೂಡಿದ್ದೀರಿ. ಬೆಲೆ ಎರಡು ಪಟ್ಟಾದ ಮೇಲೆ ನಿಮ್ಮದು ಶೇ 4 ಮಾತ್ರ.

ಅದೂ ಪೂರ್ತಿ ಕೈಗೆ ಬರುವುದಿಲ್ಲ. ಮನೆಯ ಬೆಲೆ 100, ಬಾಡಿಗೆ 4 ಎಂದಿಟ್ಟುಕೊಳ್ಳಿ. ವರ್ಷದಲ್ಲಿ ಒಂದು ತಿಂಗಳು ಖಾಲಿ ಬಿದ್ದರೆ 0.33 ಹೋಯಿತು. ರಿಪೇರಿಗೆ ಕಟ್ಟಡದ ಬೆಲೆಯ ಶೇ 1 ಎತ್ತಿಡಿ (ಜಾಗಕ್ಕೆ ಸುಣ್ಣಬಣ್ಣ ಬೇಕಿಲ್ಲವಲ್ಲ). ಕಟ್ಟಡ 60 ಆದರೆ 0.6. ಮನೆ ತೆರಿಗೆ, ವಿಮೆಗೆ 0.4 ಇಟ್ಟರೆ ಉಳಿದದ್ದು 2.67. ಸಾಲ 50 ಬಾಕಿಯಿದ್ದು ಬಡ್ಡಿ ಶೇ 8 ಇದ್ದರೆ ಬಡ್ಡಿಯೇ 4! ವರ್ಷಾವರ್ಷ 1.33 ನಿಮ್ಮ ಸಂಬಳದಿಂದ ಹೋಗಬೇಕು, ಅಸಲಿನ ಕಂತು ಬೇರೆ. ಬೆಲೆ ಏರುತ್ತದೆಂಬ ನಂಬಿಕೆಯೊಂದೇ ಆಧಾರವಾದರೆ, ನನ್ನ ಲೆಕ್ಕದಲ್ಲಿ ಮಾರುವುದೇ ಸರಿ. ಸಾಲ ತೀರಿದ್ದರೆ ಅಥವಾ ಸ್ವಲ್ಪವೇ ಉಳಿದಿದ್ದರೆ ಮಾತು ಬೇರೆ.

ಉಳಿಸಿಕೊಳ್ಳುವುದಾದರೆ ಬಾಡಿಗೆದಾರರನ್ನು ಹುಡುಕುವ ಮೊದಲೇ ಸಾಲದ ಪತ್ರ, ವಿಮೆ ಎರಡನ್ನೂ ಓದಿ. ಸ್ವಂತ ವಾಸಕ್ಕೆಂದು ಮಾಡಿಸಿದ ವಿಮೆ, ಬೇರೆಯವರು ವಾಸವಿದ್ದಾಗ ಪರಿಹಾರ ನಿರಾಕರಿಸಬಹುದು. ವಾಸದ ಮನೆ ಮಾರಿದಾಗ ಸಿಗುವ ತೆರಿಗೆ ರಿಯಾಯಿತಿ ಎಷ್ಟೋ ಕಡೆ ಬಾಡಿಗೆಗೆ ಕೊಟ್ಟ ಮೇಲೆ ಕಡಿಮೆಯಾಗುತ್ತದೆ. ಇದನ್ನು ಮನೆ ಬಿಡುವ ಮೊದಲೇ ಲೆಕ್ಕಪರಿಶೋಧಕರ ಬಳಿ ಕೇಳಿ.

ಇನ್ನು ಮನೆಯ ಕೆಲಸ. ಯಾವ ನಲ್ಲಿಯನ್ನು ಮೆಲ್ಲಗೆ ತಿರುಗಿಸಬೇಕು, ಯಾವ ಚಿಲಕವನ್ನು ಎತ್ತಿ ಹಾಕಬೇಕು ಎಂಬುದು ನಿಮ್ಮವರಿಗೆ ರೂಢಿ. ಹೊಸಬರಿಗೆ ಅದು ಮೊದಲ ವಾರದ ದೂರು. ಮಾಡ್ಯುಲರ್ ಕಿಚನ್‌ಗೆ ಸುರಿಯಬೇಡಿ, ಆ ಹಣ ಬಾಡಿಗೆಯಲ್ಲಿ ತಿರುಗಿ ಬರುವುದು ಅಪರೂಪ. ನೀರು, ಕರೆಂಟು ಮೊದಲು. ರಾತ್ರಿ ಎಲ್ಲ ನಲ್ಲಿ ಮುಚ್ಚಿ, ತೊಟ್ಟಿಗೆ ನೀರು ತುಂಬುವುದು ನಿಂತ ಮೇಲೆ ಮೀಟರ್ ಓದಿಡಿ. ಬೆಳಿಗ್ಗೆ ಅಂಕಿ ಸರಿದಿದ್ದರೆ ಎಲ್ಲೋ ಸೋರುತ್ತಿದೆ. ಫ್ಲಶ್ ಟ್ಯಾಂಕಿಗೆ ಅಡುಗೆ ಬಣ್ಣ ಹಾಕಿ 20 ನಿಮಿಷ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ವಾಷರ್ ಸವೆದಿದೆ. ಬಚ್ಚಲಿನ ಟೈಲ್ಸನ್ನು ಬೆರಳಿನಿಂದ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಕೆಳಗೆ ನೀರು ಇಳಿದಿರಬಹುದು. ಸಂದಿಯಲ್ಲಿ ಕಪ್ಪಾದ ಸಿಲಿಕೋನ್ ಅಂಟನ್ನು ಪೂರ್ತಿ ಕೆರೆದು, ಒಣಗಿಸಿ ಹೊಸದು ಹಾಕಿಸಿ. ಹಳೆಯದರ ಮೇಲೇ ಬಳಿದರೆ ಕಚ್ಚದೆ ಏಳುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ. ಅದರ ಟೆಸ್ಟ್ ಗುಂಡಿ ಒತ್ತಿದಾಗ ಬಿದ್ದರಷ್ಟೇ ಸಾಲದು, ಅರ್ಥಿಂಗನ್ನು ಎಲೆಕ್ಟ್ರಿಷಿಯನ್ ಬೇರೆಯಾಗಿ ಅಳೆಯಬೇಕು.

ಗೋಡೆಗೆ ಯಾರೋ ಮೊಳೆ ಹೊಡೆದರೆಂದು ಹೊಟ್ಟೆ ಉರಿಯುವಂತಿದ್ದರೆ ಇಷ್ಟೆಲ್ಲ ಬೇಡ, ಮಾರಿಬಿಡಿ.

ಕೀಲಿ ಕೊಡುವ ದಿನ ಕೋಣೆಕೋಣೆಯ ಫೋಟೊ, ಮೀಟರ್ ಅಂಕಿ, ಕೀಲಿಗಳ ಸಂಖ್ಯೆ ಬರೆದು ಇಬ್ಬರೂ ಸಹಿ ಹಾಕಿ. ಮುಂಗಡ ಹಣ ಪ್ರತ್ಯೇಕ ಖಾತೆಯಲ್ಲಿರಲಿ, ಅದು ನಿಮ್ಮ ಆದಾಯವಲ್ಲ, ವಾಪಸು ಕೊಡಬೇಕಾದದ್ದು.