ಗೇಟಿನ ಕಾರ್ಡ್ ಎರಡೇ ನಿಮಿಷದಲ್ಲಿ ನಕಲಾಗುವುದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ನಮ್ಮ ಬಾಗಿಲಿನ ಕಾರ್ಡುಗಳಲ್ಲಿ ಬ್ಯಾಟರಿ ಇಲ್ಲ, ಆದರೂ ಕೆಲಸ ಮಾಡುತ್ತವೆ. ಮೊನ್ನೆ ಬಾಡಿಗೆದಾರರೊಬ್ಬರು ಕೀ ಅಂಗಡಿಯಲ್ಲಿ ಎರಡೇ ನಿಮಿಷದಲ್ಲಿ ಡೂಪ್ಲಿಕೇಟ್ ಮಾಡಿಸಿಕೊಂಡು ಬಂದರು. ಇದು ಹೇಗೆ ಸಾಧ್ಯ? ಎಲ್ಲ ಬದಲಾಯಿಸಬೇಕಾ ಸರ್?

ಉತ್ತರ: ಕಾರ್ಡಿಗೆ ಕರೆಂಟ್ ಕೊಡುವುದು ಗೋಡೆಯ ರೀಡರ್. ಅದರೊಳಗಿನ ಸುರುಳಿಯ ಸುತ್ತ ಕಾಂತಕ್ಷೇತ್ರ ಇರುತ್ತದೆ. ಕಾರ್ಡಿನೊಳಗೂ ತಂತಿಯ ಸುರುಳಿ, ಅದಕ್ಕೆ ಅಂಟಿದ ಪುಟ್ಟ ಚಿಪ್ ಇವೆ. ಹತ್ತಿರ ಹಿಡಿದರೆ ಆ ಸುರುಳಿಯಲ್ಲಿ ಚೂರು ವಿದ್ಯುತ್ ಹುಟ್ಟಿ ಚಿಪ್‌ಗೆ ಜೀವ ಬರುತ್ತದೆ. ಚಿಪ್ ಆ ಕ್ಷೇತ್ರದಿಂದ ಎಳೆದುಕೊಳ್ಳುವ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುತ್ತಾ ಹೋಗುತ್ತದೆ. ಆ ಏರಿಳಿತವೇ ರೀಡರ್‌ಗೆ ಸಂದೇಶ.

ತೊಂದರೆ ಇರುವುದು ಆ ಸಂದೇಶದಲ್ಲಿ. 125 ಕಿಲೋಹರ್ಟ್ಸ್‌ನ ಸಾದಾ ಕಾರ್ಡುಗಳು ಯಾರು ಕೇಳಿದರೂ ತಮ್ಮ ನಂಬರ್ ಹೇಳಿಬಿಡುತ್ತವೆ. ನಿಮ್ಮ ಕಾರ್ಡ್ ತೆಗೆದು ನೋಡಿ. ‘0012345678 188,24910’ ಈ ಥರ ಏನಾದರೂ ಅಚ್ಚಾಗಿದೆಯಾ? ಇವೆರಡೂ ಒಂದೇ ನಂಬರ್. 188ನ್ನು 65536ರಿಂದ ಗುಣಿಸಿ 24910 ಕೂಡಿಸಿ, 12345678 ಬರುತ್ತದೆ. ಎಷ್ಟೋ ಕಡೆ ಬಾಗಿಲು ತೆಗೆಸುವುದು ಈ ನಂಬರೇ. ಅಂಗಡಿಯವರು ಅದನ್ನು ಓದಿ ಖಾಲಿ ಕಾರ್ಡಿಗೆ ಬರೆದುಕೊಟ್ಟಿದ್ದಾರೆ, ಅಷ್ಟೇ. ದಯವಿಟ್ಟು ಕಾರ್ಡಿನ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ ಅಂತ ಎಲ್ಲರಿಗೂ ಹೇಳಿ.

13.56 ಮೆಗಾಹರ್ಟ್ಸ್ ಕಾರ್ಡ್ ಹಾಕಿಸಿದರೆ ಸಾಕು ಅನ್ನುವವರನ್ನು ಸುಮ್ನೆ ನಂಬಬೇಡಿ. ಅದರಲ್ಲೇ ಒಂದಾದ ಮೈಫೇರ್ ಕ್ಲಾಸಿಕ್‌ನ ಗೂಢಲಿಪಿಯನ್ನು 2008ರಲ್ಲೇ ಸಂಶೋಧಕರು ಮುರಿದರು. ಇವತ್ತು ಕೇಳಬೇಕಾದ್ದು ಡೆಸ್‌ಫೈರ್ ಇವಿ2, ಇವಿ3 ಥರದ, ಎಇಎಸ್ ಅನ್ನುವ ಗಟ್ಟಿ ಗೂಢಲಿಪಿ ಬಳಸುವ ಕಾರ್ಡ್. ಇಲ್ಲಿ ಕಾರ್ಡೂ ರೀಡರೂ ಪ್ರತಿ ಸಲ ಹೊಸ ಸಂಖ್ಯೆ ಕೊಟ್ಟು ಪರಸ್ಪರ ಪರೀಕ್ಷೆ ಮಾಡಿಕೊಳ್ಳುತ್ತವೆ. ಈ ಪರೀಕ್ಷೆಗೆ ಬಳಸುವ ಗುಟ್ಟಿನ ಸಂಖ್ಯೆ, ಅಂದರೆ ಕೀ, ಕಾರ್ಡಿನಿಂದ ಹೊರಗೆ ಬರುವುದೇ ಇಲ್ಲ. ಒಂದು ಸಲದ ಮಾತುಕತೆಯನ್ನು ಕದ್ದು ಹಿಡಿದರೂ ಮುಂದಿನ ಸಲಕ್ಕೆ ಅದು ನಡೆಯದು.

ಆದರೆ ಜಾಸ್ತಿ ಬೇಸರದ ಸಂಗತಿ ಬೇರೆ ಇದೆ. ಇಷ್ಟು ಒಳ್ಳೆ ಕಾರ್ಡ್ ಕೊಟ್ಟು, ರೀಡರ್ ಮಾತ್ರ ಚಿಪ್‌ನ ಬಹಿರಂಗ ಸೀರಿಯಲ್ ನಂಬರನ್ನಷ್ಟೇ (ಯುಐಡಿ) ಓದುವಂತೆ ಸೆಟ್ ಮಾಡಿ ಹೋಗುವವರಿದ್ದಾರೆ. ಆಗ ನೀವು ಕೊಟ್ಟ ದುಡ್ಡು ದಂಡ. ‘ರೀಡರ್ ಯುಐಡಿ ಓದುತ್ತಾ, ಕೀ ಪರೀಕ್ಷಿಸುತ್ತಾ?’ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ರೀಡರ್‌ನಿಂದ ಕಂಟ್ರೋಲರ್‌ಗೆ, ಅಂದರೆ ಬಾಗಿಲು ತೆಗೆಯಬೇಕಾ ಬೇಡವಾ ಅಂತ ತೀರ್ಮಾನಿಸುವ ಪೆಟ್ಟಿಗೆಗೆ, ಹೋಗುವ ತಂತಿಯನ್ನೂ ವಿಚಾರಿಸಿ. ವೀಗಂಡ್ ಅನ್ನುವ ಹಳೇ ಪದ್ಧತಿಯ ತಂತಿಯಲ್ಲಿ ನಂಬರ್ ಬಿಚ್ಚಿಟ್ಟಂತೆಯೇ ಹರಿಯುತ್ತದೆ. ಓಎಸ್‌ಡಿಪಿ ಅನ್ನುವ ಹೊಸ ಪದ್ಧತಿಯಲ್ಲಿ ಗೂಢಲಿಪಿಯ ಸೌಲಭ್ಯ ಇದೆ, ಅದನ್ನು ಆನ್ ಮಾಡಿಸಬೇಕು.

ಒಂದೇ ಸಲ ಎಲ್ಲ ಬದಲಿಸಬೇಕಿಲ್ಲ. ಎರಡೂ ಬಗೆಯ ಕಾರ್ಡ್ ಓದುವ ರೀಡರ್‌ಗಳನ್ನು ಮೊದಲು ಮುಖ್ಯ ಗೇಟಿಗೆ ಹಾಕಿಸಿ. ಅಲ್ಲಿಯವರೆಗೆ ಮನೆ ಬಿಟ್ಟವರ, ಕಾರ್ಡ್ ಕಳೆದುಕೊಂಡವರ ನಂಬರ್‌ಗಳನ್ನು ಅಳಿಸಿ. ಅಸಲಿ ನಂಬರ್ ಅಳಿಸಿದರೆ ಅದರ ನಕಲೂ ಸಾಯುತ್ತದೆ. ಆ ಬಾಡಿಗೆದಾರರಿಗೂ ಹೊಸ ನಂಬರಿನ ಕಾರ್ಡ್ ಕೊಡಿ, ಇನ್ನೊಂದು ಬೇಕಿದ್ದರೆ ಸಂಘದಿಂದಲೇ ಕೊಡಿ. ಎಲ್ಲರ ಕೈಗೂ ಹೊಸ ಕಾರ್ಡ್ ಸೇರಿದ ದಿನವೇ ರೀಡರ್‌ಗಳಲ್ಲಿ 125 ಕಿಲೋಹರ್ಟ್ಸ್ ಓದುವುದನ್ನು ಆಫ್ ಮಾಡಿಸಿ, ಹಳೇ ನಂಬರ್‌ಗಳನ್ನೆಲ್ಲ ತೆಗೆಸಿ. ಇಲ್ಲದಿದ್ದರೆ ಹಳೇ ನಕಲುಗಳಿಗೂ ಬಾಗಿಲು ತೆಗೆಯುತ್ತಲೇ ಇರುತ್ತದೆ.