ಲಾಂಗ್ ಡಿಸ್ಟೆನ್ಸ್ ಸ್ಕೇಟಿಂಗ್ ಮಾಡೋ ಮಗನನ್ನು ಈಗಲೇ ಐಸ್‌ಗೆ ಹಾಕಬೇಕಾ?

ಮಗನಿಗೆ ಹದಿಮೂರು, ಸ್ಪ್ರಿಂಟ್‌ನಲ್ಲಿ ಹಿಂದೆ, ಲಾಂಗ್ ರೇಸ್‌ನಲ್ಲಿ ಮುಂದೆ. ಚಕ್ರದ ಸ್ಕೇಟಿಂಗ್ ರೇಸ್ ಒಲಿಂಪಿಕ್ಸ್‌ನಲ್ಲಿ ಇಲ್ಲ, ಐಸ್ ಸ್ಕೇಟಿಂಗ್ ಬಿಟ್ಟರೆ ಬೇರೆ ದಾರಿ ಇಲ್ಲ, ಶಾಲೆ ಬಿಡಿಸಿ ಹೊರದೇಶಕ್ಕೆ ಕಳಿಸಲಾ ಅಂತ ಕೇಳಿದ್ದೀರಿ. ಸ್ವಲ್ಪ ತಡೀರಿ ಸರ್. ಮೊದಲು ಅವನ ಬೂಟು ನೋಡಿ.

ನಾನೂ ಬೆಳಗಾವಿಯವನೇ. ಮುಂದೆರಡು ಹಿಂದೆರಡು ಚಕ್ರದ ಕ್ವಾಡ್‌ನಲ್ಲಿ ಕಲಿತು, ಒಂದೇ ಸಾಲಿನಲ್ಲಿ ಚಕ್ರ ಇರುವ ಇನ್‌ಲೈನ್‌ಗೆ ಬಂದವನು. ಎಲಿಮಿನೇಷನ್ ರೇಸ್ ಅಂದರೆ ಪ್ರಾಣ. ಕೆಲವು ಸುತ್ತಿಗೊಮ್ಮೆ ಗೆರೆ ದಾಟುವಾಗ ಯಾರು ಕೊನೆಗಿರುತ್ತಾರೋ ಅವರು ಹೊರಗೆ. ನನಗೆ ದಮ್ಮಿತ್ತು, ಆದ್ದರಿಂದ ಬಹಳ ಹೊತ್ತು ಉಳಿಯುತ್ತಿದ್ದೆ.

ಮೊದಲ ಕಾರ್ಬನ್ ಬೂಟು ಕೊಳ್ಳುವಾಗ ಒಂದು ಸೈಜು ದೊಡ್ಡದು ಇರಲಿ ಅಂದವನು ನಾನೇ. ಅಪ್ಪನ ಸಂಬಳ ಗೊತ್ತಿತ್ತಲ್ಲ! ಬೆಳೆಯೋ ಮಕ್ಕಳ ಯೂನಿಫಾರ್ಮ್‌ಗೆ ಒಳಗೆ ಬಟ್ಟೆ ಬಿಟ್ಟು ಹೊಲಿಸುತ್ತಾರಲ್ಲ, ಅದೇ ಲೆಕ್ಕ. ಸಡಿಲ ಆದದ್ದಕ್ಕೆ ಎರಡು ಜೊತೆ ಸಾಕ್ಸ್ ಹಾಕಿಕೊಂಡೆ.

ಇದರಿಂದ ಏನಾಯ್ತು ಅಂತ ಬಿಡಿಸಿ ಹೇಳಬೇಕು. ಸ್ಪೀಡ್ ಬೂಟು ಗಿಡ್ಡ, ಕಣಕಾಲಿಗೆ ಮೇಲಿನಿಂದ ಆಸರೆ ಕೊಡಲ್ಲ. ಎಲ್ಲಾ ಹಿಡಿತ ಹಿಮ್ಮಡಿಯದ್ದು. ಹಿಮ್ಮಡಿ ಅಲುಗಾಡಿದರೆ ಕಣಕಾಲು ಒಳಕ್ಕೆ ವಾಲುತ್ತದೆ, ಚಕ್ರ ಸದಾ ಒಳಅಂಚಿನ ಮೇಲೇ ಓಡುತ್ತದೆ. ಡಬಲ್ ಪುಶ್‌ಗೆ ಬೇಕಾಗಿದ್ದು ಹೊರಅಂಚು. ಕಾಲಿಟ್ಟ ಕೂಡಲೇ ಹೊರಅಂಚಿನ ಮೇಲೆ ನಿಂತು ಒಳಕ್ಕೊಮ್ಮೆ ಒತ್ತಿ, ಆಮೇಲೆ ಒಳಅಂಚಿಗೆ ತಿರುಗಿ ಹೊರಕ್ಕೊಮ್ಮೆ ಒತ್ತಬೇಕು. ಒಂದೇ ಹೆಜ್ಜೆಯಲ್ಲಿ ಎರಡು ಸಲ ವೇಗ ಸಿಗುತ್ತದೆ. ನನಗೆ ಸಿಗುತ್ತಿದ್ದದ್ದು ಒಂದೇ. ಸಣ್ಣ ರೇಸ್‌ನಲ್ಲಿ ಇದು ಮುಚ್ಚಿಹೋಗುತ್ತೆ. ಉದ್ದದ ರೇಸ್‌ನಲ್ಲಿ ಕೊನೆ ಸುತ್ತುಗಳಲ್ಲಿ ಸೊಂಟ ಹಿಡಿದುಕೊಂಡು, ಗಾಳಿ ತಡೆಯುವ ಮುಂದಿನವನ ಬೆನ್ನು ತಪ್ಪಿ, ಗಾಳಿಗೆ ಒಬ್ಬನೇ ಸಿಕ್ಕಿಬೀಳುತ್ತಿದ್ದೆ. ಅಲ್ಲಿಗೆ ಮುಗೀತು.

ಚಕ್ರಗಳು ಆಗಲೇ ಹೇಳುತ್ತಿದ್ದವು. ಒಳಗಡೆ ಎಲ್ಲರದ್ದೂ ಸವೆಯುತ್ತದೆ. ನನ್ನವು ಬರೀ ಒಳಗಡೆಯೇ ಸವೆದು, ಹೊರಗಡೆ ಹೊಸದರಂತೆ ನುಣ್ಣಗಿದ್ದವು. ನಾನು ಸುಮ್ನೆ ತಿರುಗಿಸಿ ಹಾಕುತ್ತಿದ್ದೆ. ಸರಿಯಾದ ಬೂಟು ಬರುವಷ್ಟರಲ್ಲಿ ಕಾಲಿಗೆ ಕೆಟ್ಟ ರೂಢಿ ಅಂಟಿತ್ತು. ನ್ಯಾಷನಲ್ಸ್‌ಗೆ ಹೋಗಲೇ ಇಲ್ಲ. ಈಗ ಉದ್ಯಮಬಾಗ್‌ನಲ್ಲಿ ಒಂದು ಫೌಂಡ್ರಿಯ ಲೆಕ್ಕ ಬರೆಯುತ್ತೇನೆ, ಚೆನ್ನಾಗೇ ಇದ್ದೇನೆ.

ಇನ್ನು ಐಸ್ ವಿಷಯ. ಡಬಲ್ ಪುಶ್ ಅನ್ನು ಜಗತ್ತಿಗೆ ತೋರಿಸಿದವರಲ್ಲಿ ದೊಡ್ಡ ಹೆಸರು ಅಮೆರಿಕದ ಚಾಡ್ ಹೆಡ್ರಿಕ್. ಇನ್‌ಲೈನ್‌ನಲ್ಲಿ ಗೆದ್ದು ಗೆದ್ದು, ಇಪ್ಪತ್ತು ದಾಟಿ ಎಷ್ಟೋ ವರ್ಷದ ಮೇಲೆ ಐಸ್‌ಗೆ ಹೋದರು. 2006ರ ಟುರಿನ್ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್ ಚಿನ್ನ, 10,000 ಮೀಟರ್ ಬೆಳ್ಳಿ. ಹದಿಮೂರಕ್ಕೇ ಮನೆ ಬಿಡಿಸುವ ಅವಸರ ಯಾಕೆ?

ಲಾಂಗೋ ಸ್ಪ್ರಿಂಟೋ ಅಂತ ಈಗಲೇ ಹಣೆಪಟ್ಟಿ ಕಟ್ಟುವುದೂ ನನಗೆ ಒಪ್ಪಿಗೆ ಇಲ್ಲ. ಚೆನ್ನೈನ ಇನ್‌ಲೈನ್ ಸ್ಕೇಟರ್ ಆನಂದಕುಮಾರ್ ವೇಲ್‌ಕುಮಾರ್ ಅವರನ್ನೇ ನೋಡಿ. 2021ರ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಬಂದದ್ದು 15 ಕಿ.ಮೀ. ಎಲಿಮಿನೇಷನ್‌ನಲ್ಲಿ. 2025ರಲ್ಲಿ ಸೀನಿಯರ್ ವಿಶ್ವ ಚಾಂಪಿಯನ್ ಆದದ್ದು 1,000 ಮೀಟರ್ ಸ್ಪ್ರಿಂಟ್‌ನಲ್ಲಿ, ಜೊತೆಗೆ 42 ಕಿ.ಮೀ. ಮ್ಯಾರಥಾನ್‌ನಲ್ಲೂ! ನಿಮ್ಮ ಹುಡುಗ ಸ್ಪ್ರಿಂಟ್‌ನಲ್ಲಿ ಸೋಲುತ್ತಿರುವುದು ಕಾಲಿನ ಶಕ್ತಿ ಇನ್ನೂ ಬಂದಿಲ್ಲ ಅಂತಲೂ ಇರಬಹುದು, ಅಲ್ವಾ?

ಶಾಲೆ ಬಿಡಿಸೋದು ಬೇಡವೇ ಬೇಡ. ನಮ್ಮೂರ ಮಳೆಯಲ್ಲಿ ಬಯಲು ರಿಂಕ್ ಒದ್ದೆಯಾಗಿ ಚಕ್ರ ಜಾರುತ್ತದೆ. ಆ ತಿಂಗಳುಗಳಲ್ಲಿ ಮನೆಯಲ್ಲೇ ಪ್ಲೈವುಡ್‌ಗೆ ಸನ್‌ಮೈಕಾ ಅಂಟಿಸಿ, ಎರಡೂ ತುದಿಗೆ ಕಟ್ಟಿಗೆ ಪಟ್ಟಿ ಹೊಡೆದು, ಸಾಕ್ಸ್‌ನಲ್ಲಿ ಆ ಕಡೆ ಈ ಕಡೆ ಜಾರಿಸಿ. ಮಂಡಿ ಚೆನ್ನಾಗಿ ಬಗ್ಗಿರಬೇಕು.

ಇವತ್ತು ಸಂಜೆ ಲೇಸ್ ಬಿಗಿದು, ಮಂಡಿ ಬಗ್ಗಿಸಿ ನಿಲ್ಲಿಸಿ, ಹಿಂದಿನಿಂದ ನೋಡಿ. ಹಿಮ್ಮಡಿ ಎದ್ದರೆ, ಕಣಕಾಲು ಒಳಕ್ಕೆ ವಾಲಿದರೆ ಆ ಬೂಟು ಬೇಡ. ಅಳತೆಗೆ ಸರಿಹೊಂದುವ ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಹಳೆಯದಕ್ಕೆ ರಿಂಕಿನ ಕಟ್ಟೆ ಮೇಲೆ ಕೂತ ಅಪ್ಪ ಅಮ್ಮಂದಿರಲ್ಲೇ ಗಿರಾಕಿ ಸಿಗುತ್ತಾರೆ. ಅವರಿಗೂ ಸೈಜು ಸರಿಯಾಗಿ ಹೇಳಿಯೇ ಮಾರಿ.